ಹಳೇದು ಎಂಬ ಫೋಲ್ಡರ್

ನಾನು ನಿವೃತ್ತಳಾದ ದಿನ ಕಾಲೇಜಿನಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಭಾಷಣ ಮಾಡಿದರು. ಶಿಕಾರಿಪುರದ ಮಕ್ಕಳಿಗೆ ಕಂಪ್ಯೂಟರ್ ಕಲಿಸಿದವಳು, ಶಿಸ್ತಿನವಳು, ಲ್ಯಾಬಿಗೆ ಚಪ್ಪಲಿ ಹಾಕಿಕೊಂಡು ಬಂದವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದವಳು ಎಂದೆಲ್ಲ ಹೇಳಿದರು. ಎಲ್ಲ ನಿಜವೇ. ಆದರೆ ಅಷ್ಟು ವರ್ಷದ ದುಡಿಮೆಯಲ್ಲಿ ನನಗೆ ತೀರ ಪ್ರೀತಿಯಾಗಿದ್ದ ಕೆಲಸದ ಮಾತನ್ನು ಒಬ್ಬರೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಅದಕ್ಕೆ ಸಂಬಳವಿರಲಿಲ್ಲ, ಹುದ್ದೆಯಿರಲಿಲ್ಲ, ಅಂಥದ್ದೊಂದು ಕೆಲಸ ಇದೆ ಎಂದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಈಗ ನನ್ನ ಜಾಗಕ್ಕೆ ಬಂದಿರುವ ಅನಿತಾ ಮಾತ್ರ ಹಣ್ಣಿನ ಬುಟ್ಟಿ ಆಟೋದಲ್ಲಿ ಇಡುತ್ತಾ, "ಮೇಡಂ, ನೀವು ಆಗ ಮಿರರ್ ನಡೆಸ್ತಿದ್ರಂತೆ. ನೆಟ್ಟೇ ಇಲ್ಲದ ಕಾಲದಾಗ ಅದು ಹೆಂಗ್ರಿ?" ಎಂದು ಕೇಳಿದಳು. ಆಟೋದವನು ಅವಸರ ಮಾಡುತ್ತಿದ್ದ. ಅವಳಿಗೆ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಬೇರೆ ಬೇರೆ ದೇಶದ ಜನ ತಮ್ಮ ಬಿಡುವಿನಲ್ಲಿ ಸೇರಿ ಬರವಣಿಗೆಗೆಂದು ಒಂದು ಪ್ರೋಗ್ರಾಂ ಮಾಡಿದ್ದರು. ಅದಕ್ಕೆ ಮಾಲೀಕರಿಲ್ಲ. ಯಾರು ಬೇಕಾದರೂ ಒಯ್ಯಬಹುದು, ಒಳಗೆ ಏನಿದೆ ಎಂದು ಬಿಚ್ಚಿ ನೋಡಬಹುದು, ಸರಿಯಿಲ್ಲದ್ದನ್ನು ತಿದ್ದಬಹುದು. ಅದರ ಮೂಲ ಸರ್ವರ್ ಯುರೋಪಿನ ಒಂದು ಕಾಲೇಜಿನಲ್ಲಿತ್ತು. ಯೋಹಾನ್ ಎಂಬ ಮೇಷ್ಟ್ರು ಅದನ್ನು ನೋಡಿಕೊಳ್ಳುತ್ತಿದ್ದರು. ಲೋಕದವರೆಲ್ಲ ಅದೊಂದೇ ಬಾಗಿಲಿಗೆ ನುಗ್ಗಿದರೆ ಆಗುವುದಿಲ್ಲವಲ್ಲ, ಅದಕ್ಕೆ ಊರೂರಲ್ಲಿ ಅದರ ಪಡಿಯಚ್ಚು ಇಡುತ್ತಿದ್ದರು. ಅದೇ ಮಿರರ್. ಮಿರರಿನ ನಿಯಮ ಒಂದೇ. ಮೂಲದಲ್ಲಿ ಇರುವುದೆಲ್ಲ ನಿಮ್ಮಲ್ಲಿ ಇರಬೇಕು, ಅಲ್ಲಿ ಇಲ್ಲದ್ದು ನಿಮ್ಮಲ್ಲೂ ಇರಬಾರದು.

ನಾನು ಇದರೊಳಗೆ ಬಂದದ್ದು ಒಂದು ಜಗಳದಿಂದ. ಪತ್ರಿಕೆಯೊಂದರ ಜೊತೆ ಸಿಕ್ಕ ಸಿ.ಡಿ.ಯಲ್ಲಿ ಆ ಪ್ರೋಗ್ರಾಂ ನೋಡಿ, ಇದರಲ್ಲಿ ಕನ್ನಡ ಯಾಕಿಲ್ಲ ಎಂದು ಯೋಹಾನರಿಗೆ ಸಿಟ್ಟಿನಿಂದಲೇ ಬರೆದೆ. ನಿಮಗೆ ಬರುತ್ತದೆ, ನನಗೆ ಬರುವುದಿಲ್ಲ, ಆದ್ದರಿಂದ ನೀವೇ ಮಾಡಿ ಎಂದು ಉತ್ತರ ಬಂತು. ಎರಡು ಬೇಸಿಗೆ ರಜೆ ಗ್ರಾಫ್ ಹಾಳೆಗಳ ಮೇಲೆ ಬಗ್ಗಿ ಕೂತೆ. ಅಕ್ಷರಕ್ಕೊಂದು ಹಾಳೆ, ಚೌಕ ತುಂಬಿದರೆ ಕಪ್ಪು, ಬಿಟ್ಟರೆ ಬಿಳಿ, ಆಮೇಲೆ ಅದನ್ನೆಲ್ಲ ಕಂಪ್ಯೂಟರಿಗೆ ಊಡಿಸಬೇಕು. ಅಕ್ಷರಗಳು ಹೇಗೋ ಆದವು, ಒತ್ತಕ್ಷರಗಳು ಪ್ರಾಣ ತಿಂದವು. ಕೆಳಗಿನ ಸಾಲಿನ ತಲೆಯ ಮೇಲೆ ಹೋಗಿ ಕೂರುತ್ತಿದ್ದವು. ನಮ್ಮತ್ತೆ ಹಾಳೆ ನೋಡಿ, "ರಂಗೋಲಿನಾ ಇದು? ಚುಕ್ಕಿ ಭಾಳ ಹತ್ರ ಆದ್ವಲ್ಲವ್ವ" ಎಂದಿದ್ದರು. ಒತ್ತಕ್ಷರ ಸಮೇತ ಪೂರ್ತಿ ಸೆಟ್ ಮುಗಿದು, ಯೋಹಾನ್ ಅದನ್ನು ಕನ್ನಡ ಎಂಬ ಹೆಸರಿನ ಫೋಲ್ಡರಿನಲ್ಲಿ ಸರ್ವರ್ ಮೇಲೆ ಇಟ್ಟ ದಿನ ನಾನು ಮನೆಯಲ್ಲಿ ಹೋಳಿಗೆ ಮಾಡಿದೆ.

ಆ ಪೂರ್ತಿ ಸೆಟ್ಟನ್ನು ಮೊದಲು ಒಯ್ದವರು ತೊಗರ್ಸಿಯ ಹೈಸ್ಕೂಲು ಮೇಷ್ಟ್ರು ನಾಗರಾಜಪ್ಪ. ಅಲ್ಲಿಯವರೆಗೆ ಪ್ರಶ್ನೆಪತ್ರಿಕೆಗೆ ಸ್ಟೆನ್ಸಿಲ್ ಕೊರೆದು ಕೊರೆದು ಅವರ ಬೆರಳು ಗಂಟು ಕಟ್ಟಿತ್ತು. ಶಾಲೆಗೆ ಯಾರೋ ದಾನ ಕೊಟ್ಟ ಕಂಪ್ಯೂಟರಿನಲ್ಲಿ ನನ್ನ ಅಕ್ಷರ ಹಾಕಿ ಅಚ್ಚು ಮಾಡಿ ತಂದು ತೋರಿಸಿದರು. ಆ ಹಾಳೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ.

ಅಕ್ಷರದ ಜೊತೆಗೇ ನಮ್ಮ ಲ್ಯಾಬಿನ ಒಂದು ಯಂತ್ರದಲ್ಲಿ ಮಿರರನ್ನೂ ಶುರು ಮಾಡಿದ್ದೆ. ಅದನ್ನು ನಡೆಸುವುದು ಹೇಗಿತ್ತೆಂದರೆ, ಬೆಳಗ್ಗೆ ಬೇಗ, ಫೋನ್ ಲೈನು ಇನ್ನೂ ಖಾಲಿಯಿರುವಾಗ ಲ್ಯಾಬಿಗೆ ಹೋಗಿ, ಮೋಡೆಮ್‌ನಿಂದ ಶಿವಮೊಗ್ಗಕ್ಕೆ ಡಯಲ್ ಮಾಡಿ, ಹೊಸ ಫೈಲುಗಳನ್ನು ಎಳೆದುಕೊಳ್ಳಬೇಕು. ಅಂಬ್ಲಿಗೊಳದ ಕಡೆ ಮೋಡ ಕಟ್ಟಿದರೆ ನಮ್ಮ ಮೋಡೆಮ್ ಇಲ್ಲಿ ಕೆಮ್ಮುತ್ತಿತ್ತು. ಅರ್ಧ ಫೈಲು ಬಂದು ಲೈನು ಕಡಿದರೆ ಮತ್ತೆ ಮೊದಲಿನಿಂದ. ಬೇರೆ ದೇಶದ ಮಿರರುಗಳಿಗೆ ಪಟ್ಟಿಯಲ್ಲಿ ಇಂಟರ್ನೆಟ್ ವಿಳಾಸವಿದ್ದರೆ ನಮ್ಮದಕ್ಕೆ ಅಂಚೆ ವಿಳಾಸವಿತ್ತು. ಜನ ಖಾಲಿ ಫ್ಲಾಪಿ ಹಿಡಿದುಕೊಂಡು ಬರುತ್ತಿದ್ದರು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತು, ತುಂಬಿಸಿಕೊಂಡು ಹೋಗುತ್ತಿದ್ದರು.

ನಮ್ಮ ಪ್ರಿನ್ಸಿಪಾಲರು ಒಳ್ಳೆಯವರು. ನಾನು ಮಾಡುತ್ತಿರುವುದು ಏನೆಂದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ, ಆದರೆ ಒಮ್ಮೆಯೂ ಅಡ್ಡ ಬರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ಆಯುಧಪೂಜೆಯ ದಿನ ಮಿರರ್ ಯಂತ್ರಕ್ಕೂ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, "ಇನ್ನು ದಶಮಿ ಮುಗಿಯೂ ತನಕ ಯಾರೂ ಮುಟ್ಟಬ್ಯಾಡ್ರಿ" ಎಂದುಬಿಟ್ಟರು. ಪೂಜೆಗೆ ಕೂತದ್ದನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚಬಾರದಲ್ಲವೇ. ನಿಮ್ಮ ಮಿರರ್ ಸತ್ತಿದೆಯೇ ಎಂದು ಯೋಹಾನರ ಮೇಲ್ ಬಂದಿತ್ತು. ಸತ್ತಿಲ್ಲ, ಪೂಜೆಗೆ ಕೂತಿದೆ, ನಮ್ಮಲ್ಲಿ ಪೂಜೆ ಮಾಡಿದ್ದನ್ನು ನಡುವೆ ಮುಟ್ಟುವುದಿಲ್ಲ ಎಂದು ಹಬ್ಬ ಮುಗಿದ ಮೇಲೆ ವಿವರವಾಗಿ ಬರೆದೆ. ಯಂತ್ರಕ್ಕೆ ನನ್ನ ನಮಸ್ಕಾರ ತಿಳಿಸಿ ಎಂದು ಉತ್ತರ ಬಂತು. ಅವರಿಗೆ ಬರೆದ ಆ ಮಾತು ಮುಂದೆ ನನ್ನನ್ನೇ ಹಿಡಿದು ನಿಲ್ಲಿಸುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಪಕ್ಕದ ತಾಲ್ಲೂಕು ಸೊರಬದಲ್ಲೂ ಒಂದು ಮಿರರ್ ಶುರುವಾದದ್ದು ಮಂಜಪ್ಪನವರಿಂದ. ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಹಳ್ಳಿಯಲ್ಲಿ ಗದ್ದೆ ಮನೆ, ಪೇಟೆಯಲ್ಲಿ ಟೈಪ್‌ರೈಟರುಗಳ ಟಕಟಕ. ಕಂಪ್ಯೂಟರ್ ಬಂದು ಟೈಪಿಂಗ್ ಕಲಿಯುವವರು ಕಡಿಮೆಯಾಗುತ್ತಿದ್ದ ಹಾಗೆ, ಅವರೂ ಒಂದು ಕಂಪ್ಯೂಟರ್ ತಂದು ಮೂಲೆಯಲ್ಲಿ ಇಟ್ಟು, ನನ್ನ ಹತ್ತಿರ ಬಂದು, "ನಮ್ಮೂರಿಗೂ ಒಂದು ಮಾಡಿಕೊಡಿ ಅಕ್ಕೋರೆ" ಎಂದರು. ಮಾಡಿಕೊಟ್ಟೆ. ಮಿರರುಗಳ ಪಟ್ಟಿಯಲ್ಲಿ ಲೋಕದ ದೊಡ್ಡ ದೊಡ್ಡ ಊರುಗಳ ಕೆಳಗೆ ಸೊರಬ ಎಂದು ಬಂದಾಗ ಅದನ್ನು ಅಚ್ಚು ಮಾಡಿ, ಸೊರಬದ ಕೆಳಗೆ ಕೆಂಪು ಗೆರೆ ಎಳೆದು, ಬಾಗಿಲಿಗೆ ಅಂಟಿಸಿದರು. ಟೈಪಿಂಗಿಗೆ ಬಂದವರು ಅದನ್ನು ಓದಿಯೇ ಒಳಗೆ ಬರಬೇಕಿತ್ತು.

ಅಲ್ಲಿಗೆ ಮೋಡೆಮ್ ತಾಳುವ ಲೈನು ಇರಲಿಲ್ಲ. ಹಾಗಾಗಿ ಹೊಸ ಫೈಲುಗಳನ್ನು ನಾನು ಫ್ಲಾಪಿಗೆ ತುಂಬಿ, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಪರಮೇಶಿಯ ಕೈಗೆ ಕೊಡುತ್ತಿದ್ದೆ. ಒಂದಷ್ಟು ಸಲ ಎಲ್ಲ ಸರಿಯಿತ್ತು. ಆಮೇಲೆ ಸೊರಬದಿಂದ ಫೋನು ಬರತೊಡಗಿತು.

"ಅಕ್ಕೋರೆ, ಖಾಲಿ ಫ್ಲಾಪಿ ಕಳ್ಸೀರಿ."

"ಬರೆದು, ಓದಿ ನೋಡೇ ಕಳ್ಸೀನ್ರಿ ಮಂಜಪ್ಪನವ್ರೆ."

"ಹಂಗಾರೆ ಫೈಲೆಲ್ಲ ಶಿರಾಳಕೊಪ್ಪದಾಗೆ ಇಳ್ದು ಹೋಗಿರಬೇಕು, ಎಂತ ಮಾಡೂದು."

ಫ್ಲಾಪಿ ಬದಲಿಸಿದೆ, ಡ್ರೈವ್ ಬದಲಿಸಿದೆ. ಕೊನೆಗೊಂದು ಭಾನುವಾರ ನಾನೇ ಆ ಬಸ್ಸು ಹತ್ತಿದೆ. ಪರಮೇಶಿ ನನ್ನ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗಿ, ಡ್ರೈವರ್ ಪಕ್ಕ ದೇವರ ಪಟದ ಕೆಳಗೆ, ಹೊಸದಾಗಿ ಕೂರಿಸಿದ್ದ ಹಾಡಿನ ಸ್ಪೀಕರ್ ಮೇಲೆ ಇಟ್ಟ. ಸ್ಪೀಕರಿನ ಹೊಟ್ಟೆಯಲ್ಲಿ ಅಷ್ಟು ದೊಡ್ಡ ಅಯಸ್ಕಾಂತ. ಫ್ಲಾಪಿಯಲ್ಲಿ ಬರೆದದ್ದೆಲ್ಲ ಅದರ ಪಾಲು. "ದೇವ್ರ ಹತ್ರ ಇಟ್ಟೀನ್ರಿ ಮೇಡಂ, ಇದಕ್ಕಿಂತ ಸೇಫ್ ಜಾಗ ಈ ಬಸ್ಸಿನಾಗ ಐತೇನ್ರಿ?" ಎಂದು ಅವನು ಕೇಳಿದಾಗ ಬೈಯಬೇಕೆಂದಿದ್ದವಳು ನಕ್ಕುಬಿಟ್ಟೆ. ಅಂದಿನಿಂದ ಡಬ್ಬಿ ಯಾರಾದರೂ ಹೆಂಗಸರ ಮಡಿಲಲ್ಲಿ ಕೂತು ಸೊರಬಕ್ಕೆ ಹೋಗತೊಡಗಿತು. ಅನಿತಾ, ನೀನು ಯಂತ್ರ ಸರಿ ಇದೆಯೇ ಎಂದು ನೋಡುವ ಮೊದಲು ದಾರಿ ನೋಡು.

ಇನ್ನು ಹಳೇದರ ವಿಷಯ. ಸೊರಬದಲ್ಲಿ ಏನೇನು ಫೈಲುಗಳಿವೆ ಎಂದು ನಾನು ಆಗಾಗ ಯೋಹಾನರಿಗೆ ಕಳಿಸಬೇಕಿತ್ತು. ಒಮ್ಮೆ ಅವರು ಕೇಳಿದರು, ಸೊರಬದಲ್ಲಿ ಹಳೇದು ಎಂಬ ಫೋಲ್ಡರ್ ಇದೆ, ನಮ್ಮಲ್ಲಿ ಇಲ್ಲ, ಏನದು? ನನಗೂ ಗೊತ್ತಿರಲಿಲ್ಲ. ಸೊರಬಕ್ಕೆ ಹೋಗಿ ನೋಡಿದರೆ, ಮಂಜಪ್ಪನವರು ಹೊಸ ಫೈಲು ಬಂದಾಗಲೆಲ್ಲ ಅದರ ಹಿಂದಿನದನ್ನು ಅಳಿಸದೆ, ಆ ಫೋಲ್ಡರಿಗೆ ತಳ್ಳಿ ಇಟ್ಟುಕೊಂಡಿದ್ದರು.

"ಏನ್ರಿ ಇದು? ಅಲ್ಲಿ ತೆಗೆದದ್ದನ್ನ ಇಲ್ಲೂ ತೆಗೀಬೇಕು ಅಂತ ಹೇಳಿದ್ನಲ್ರಿ."

"ಹೊಸದು ಬಂತು ಅಂತ ಹಳೇದನ್ನ ಪೂರ್ತಿ ಬಳಿದು ಹಾಕೂದಾ ಅಕ್ಕೋರೆ? ನಮ್ಮನೇಲಿ ಹಂಗೆ ಮಾಡೂದಿಲ್ಲ."

ಅವರ ಮನೆಯಲ್ಲಿ ಭತ್ತ ತುಂಬಿಡುವ ಮರದ ಪಣತವಿದೆಯಂತೆ. ಸುಗ್ಗಿಯಲ್ಲಿ ಹೊಸ ಭತ್ತ ಸುರಿಯುವ ಮೊದಲು ಪಣತವನ್ನು ಪೂರ್ತಿ ಬರಿದು ಮಾಡುವಂತಿಲ್ಲ. ಹಳೆಯ ಭತ್ತ ಒಂದು ಮೊರದಷ್ಟಾದರೂ ತಳದಲ್ಲಿ ಉಳಿಯಬೇಕು. ಅದು ಅವರ ಅಮ್ಮ ನಡೆಸಿಕೊಂಡು ಬಂದ ಕ್ರಮ. ನಮ್ಮದು ಮಂಡಿ ವ್ಯಾಪಾರದ ಮನೆ. ಬೆಳಗ್ಗೆ ಬಂದ ಭತ್ತ ಸಂಜೆಗೆ ಲಾರಿ ಹತ್ತಿದರೆ ನಮಗೆ ಸಮಾಧಾನ. ತಳದಲ್ಲಿ ಉಳಿದರೆ ಅದು ಕೆಟ್ಟ ವ್ಯಾಪಾರ.

"ಭತ್ತ ಬ್ಯಾರೆ, ಫೈಲು ಬ್ಯಾರೆ ರೀ" ಎಂದೆ.

"ಎರಡೂ ತುಂಬಿಡೂದೇ ಅಲ್ವಾ ಅಕ್ಕೋರೆ?" ಎಂದರು.

ತಮಾಷೆ ಅಲ್ಲಿಗೆ ನಿಲ್ಲಲಿಲ್ಲ. ಆನವಟ್ಟಿಯ ಅಂಗಡಿಯವರೊಬ್ಬರು ಗೊತ್ತಿಲ್ಲದೆ ಆ ಫೋಲ್ಡರಿನಿಂದ ಪ್ರೋಗ್ರಾಂ ಒಯ್ದು, ಪ್ರತಿ ಪುಟದ ಕೊನೆಯ ಸಾಲು ನುಂಗುವ ಹಳೆಯ ದೋಷವನ್ನೂ ಜೊತೆಗೇ ಒಯ್ದು, ನನ್ನ ಮೇಲೆ ಕೂಗಾಡಿದರು. ಮಂಜಪ್ಪನವರ ಡಿಸ್ಕ್ ತುಂಬಿ ಹೊಸ ಫೈಲಿಗೆ ಜಾಗವಿಲ್ಲದಂತಾಯಿತು. ನಾನು ಬೈದೆ, ಅವರು "ಅಳಿಸ್ತೀನಿ ಅಕ್ಕೋರೆ" ಎಂದರು, ಅಳಿಸಲಿಲ್ಲ. ಕೊನೆಗೆ ಯೋಹಾನ್ ಸೊರಬವನ್ನು ಪಟ್ಟಿಯಿಂದ ತೆಗೆದರು. ನಿಯಮ ಎಲ್ಲರಿಗೂ ಒಂದೇ, ಅವರದು ತಪ್ಪೆನ್ನಲಾರೆ. ಆ ಸುದ್ದಿ ಹೇಳಲು ನಾನೇ ಸೊರಬಕ್ಕೆ ಹೋದೆ. ಅಷ್ಟರಲ್ಲಿ ಮಂಜಪ್ಪನವರು ಹಳೇದನ್ನು ಅಳಿಸಿಯೂ ಆಗಿತ್ತು. ಎದ್ದು ಹೋಗಿ ಬಾಗಿಲಿನ ಪಟ್ಟಿಯನ್ನು ಉಗುರಿನಿಂದ ಬಿಡಿಸಲು ನೋಡಿದರು, ಅದು ಬರಲಿಲ್ಲ. "ಹೋಗ್ಲಿ ಬಿಡಿ, ಬಸ್ಸು ಹೊರಡ್ತದೆ, ನೀವು ಹೋಗಿ" ಎಂದರು. ನಾನು ಬಾಗಿಲು ದಾಟುವಾಗ ಅವರು ಕಂಪ್ಯೂಟರಿನ ಮುಂದೆ ಕೂತು ಮಿರರಿನ ಉಳಿದ ಫೈಲುಗಳನ್ನೂ ಅಳಿಸತೊಡಗಿದ್ದರು.

ಅದಾದ ಮೇಲೆ ಬಹಳ ದಿನವಾಗಿರಲಿಲ್ಲ, ತೊಗರ್ಸಿಯ ನಾಗರಾಜಪ್ಪ ಮೇಷ್ಟ್ರು ಫ್ಲಾಪಿ ಹಿಡಿದುಕೊಂಡು ಬಂದರು. ಶಾಲೆಯ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತ್ತು. ಅಕ್ಷರಗಳನ್ನು ಮತ್ತೆ ಹಾಕಿಕೊಳ್ಳಬೇಕು, ಪರೀಕ್ಷೆ ಹತ್ತಿರ ಬಂದಿತ್ತು. ಅವರೇ ಯಂತ್ರದ ಮುಂದೆ ಕೂತು ಸ್ವಲ್ಪ ಹೊತ್ತು ಹುಡುಕಿ, "ಮೇಡಂ, ಕನ್ನಡ ಕಾಣವಲ್ದಲ್ರೀ" ಎಂದರು.

ಹೋಗಿ ನೋಡಿದೆ. ಆ ಫೋಲ್ಡರೇ ಇರಲಿಲ್ಲ.

ಆದದ್ದು ಇಷ್ಟು. ಯೋಹಾನ್ ಮೂಲ ಸರ್ವರನ್ನು ಜೋಡಿಸಿಡುವಾಗ ಕನ್ನಡದ ಫೋಲ್ಡರನ್ನು ಇನ್ನೊಂದು ಕಡೆಗೆ ನಕಲು ಮಾಡಿದ್ದೇನೆ ಎಂದುಕೊಂಡು ಮೊದಲಿನದನ್ನು ತೆಗೆದಿದ್ದರು. ನಕಲು ಆಗಿರಲಿಲ್ಲ. ಬ್ಯಾಕಪ್ಪಿಗೆಂದು ಇಟ್ಟಿದ್ದ ಅವರ ಟೇಪಿನಲ್ಲೂ ಹೊಸದು ಹಳೆಯದರ ಮೇಲೆ ಬರೆದುಕೊಂಡಿತ್ತು. ಮರುದಿನ ಬೆಳಗ್ಗೆ ನನ್ನ ಮಿರರ್ ಅಲ್ಲಿ ಇಲ್ಲದ್ದನ್ನು ಇಲ್ಲೂ ಅಳಿಸಿ, ಎಲ್ಲ ಸರಿಯಾಗಿದೆ ಎಂದು ವರದಿ ಕೊಟ್ಟಿತ್ತು. ಲೋಕದ ಎಲ್ಲ ಮಿರರುಗಳೂ ಅದನ್ನೇ ಮಾಡಿದ್ದವು. ಯೋಹಾನ್ ಎಲ್ಲರನ್ನೂ ಕೇಳಿದರು. ಎಲ್ಲರೂ ಅಚ್ಚುಕಟ್ಟಿನವರು, ಯಾರಲ್ಲೂ ಇರಲಿಲ್ಲ.

ನನ್ನ ಸ್ವಂತ ಫ್ಲಾಪಿಗಳು ಲ್ಯಾಬಿನ ಬೀರುವಿನಲ್ಲಿದ್ದವು. ತೆಗೆದರೆ ಮಳೆಗಾಲದ ಬೂಷ್ಟು ಬೆಳ್ಳಗೆ ಹಿಡಿದಿತ್ತು, ಒಂದೂ ಓದಲಿಲ್ಲ. ಗ್ರಾಫ್ ಹಾಳೆಗಳು? ಮನೆಗೆ ಓಡಿದೆ. ಅವನ್ನು ನಮ್ಮವರು ಮಂಡಿಯ ಅಂಗಡಿಯಲ್ಲಿ ಸ್ಯಾಂಪಲ್ ಅಕ್ಕಿಯ ಪೊಟ್ಟಣ ಕಟ್ಟಲು ಒಯ್ದು ಮುಗಿಸಿದ್ದರು. ಮಂಡಿಯ ಮನೆಯಲ್ಲಿ ಏನೂ ತಳದಲ್ಲಿ ಉಳಿಯುವುದಿಲ್ಲ ಎಂದೆನಲ್ಲ. ಅಕ್ಷರ ಒಯ್ದಿದ್ದವರನ್ನೆಲ್ಲ ಕೇಳಿದೆ, ಯಾರ ಹತ್ತಿರವೂ ಉಳಿದಿರಲಿಲ್ಲ. ಎರಡು ಬೇಸಿಗೆಯ ಕೆಲಸ ಎಲ್ಲೂ ಇರಲಿಲ್ಲ. ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ, ಮುಚ್ಚಿಡುವುದೇನು.

ಸೊರಬಕ್ಕೆ ಫೋನ್ ಮಾಡಲು ನಾಚಿಕೆಯಾಯಿತು. ಅಳಿಸಿ ಅಳಿಸಿ ಎಂದು ಪ್ರಾಣ ತಿಂದವಳು ನಾನು, ಅವರು ಅಳಿಸಿದ್ದೂ ಆಗಿದೆ. ಆದರೂ ಮಾಡಿದೆ. ಮಂಜಪ್ಪನವರು ಎಲ್ಲ ಕೇಳಿಸಿಕೊಂಡರು.

"ಅಕ್ಕೋರೆ, ನೀವು ಮಿಷನ್ನಾಗೆ ಇಡಬ್ಯಾಡಿ ಅಂದ್ರಿ. ಮನೇಲಿ ಇಡಬ್ಯಾಡಿ ಅಂದಿರಲಿಲ್ಲವಲ್ಲ."

"ಅಂದ್ರೆ ಐತೇನ್ರಿ?"

"ಬೇರೇದೆಲ್ಲ ಅಳಿಸ್ದೆ, ಅದು ಅವ್ರದ್ದು. ಕನ್ನಡ ನಮ್ದಲ್ವಾ, ಅದೊಂದನ್ನ ಫ್ಲಾಪಿಗೆ ಹಾಕಿ ಸ್ಟೀಲ್ ಡಬ್ಬಿಲಿ ಇಟ್ಟೆ. ಬೂಷ್ಟು ಹಿಡಿಯಬಾರ್ದು ಅಂತ ಡಬ್ಬೀನ ಪಣತದ ತಳದ ಭತ್ತದಾಗೆ ಹೂತಿದ್ದೆ." ಆಮೇಲೆ, "ಮೊನ್ನೆ ಅದ್ರ ಮೇಲೆ ಹೊಸ ಭತ್ತ ತುಂಬಿ ಆತು" ಎಂದರು.

ನಾಗರಾಜಪ್ಪ ಮೇಷ್ಟ್ರಿಗೂ ಹೇಳಿ ಕಳಿಸಿ, ಮರುದಿನದ ಮೊದಲ ಬಸ್ಸಿಗೇ ಇಬ್ಬರೂ ಹೊರಟೆವು. ಮಂಜಪ್ಪನವರ ಹಳ್ಳಿಯ ಮನೆಗೆ ಹೋಗಿ ಪಣತ ನೋಡಿದೆ. ಒಂದು ಕೋಣೆಯಷ್ಟು ದೊಡ್ಡದು, ಮೇಲಿನ ಹಲಗೆಯವರೆಗೆ ಭತ್ತ. ಮುಂದೆ ರಂಗೋಲಿ, ಹಲಗೆಗೆ ಅರಿಶಿನ ಕುಂಕುಮ, ಇನ್ನೂ ಬಾಡದ ಹೂವು. ಪೂಜೆಯಾದ ಪಣತವನ್ನು ಆ ತಿಂಗಳು ಮುಟ್ಟುವಂತಿಲ್ಲ, ಅದಕ್ಕೇ ಊಟದ ಭತ್ತ ಬೇರೆ ಚೀಲದಲ್ಲಿತ್ತು. ಮಂಜಪ್ಪನವರ ಅಮ್ಮ ಅದರ ಎದುರಿಗೇ ಕೂತಿದ್ದರು.

"ಆಗೂದಿಲ್ಲ ತಂಗೀ. ಪೂಜೆ ಮಾಡಿದ್ದನ್ನ ನಡುವೆ ಕೆದಕೂದಾ?"

ಪೂಜೆ ಮಾಡಿದ್ದನ್ನು ನಡುವೆ ಮುಟ್ಟುವುದಿಲ್ಲ ಎಂದು ಯುರೋಪಿಗೆ ಬರೆದವಳು ನಾನೇ. ಮಂಜಪ್ಪನವರು ನೆಲ ನೋಡುತ್ತಿದ್ದರು. ಮೇಷ್ಟ್ರು ಮಾತ್ರ, "ಅಮ್ಮಾ, ಪರೀಕ್ಷೆ ಬಂದೈತ್ರಿ" ಎಂದರು.

"ಅದ್ರಾಗೆ ಎಂತ ಐತೆ ಅಂಥಾದ್ದು?"

"ಅಕ್ಷರ ಅಮ್ಮಾ" ಎಂದೆ. "ಕನ್ನಡದವು. ನಾನೇ ಬರೆದವು. ಬ್ಯಾರೆ ಎಲ್ಲೂ ಉಳಿದಿಲ್ಲ."

ಆಕೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಎದ್ದು ಹೂವು ತೆಗೆದು ದೇವರ ಮುಂದೆ ಇಟ್ಟು, ದೀಪ ಹಚ್ಚಿ ಕೈಮುಗಿದು ಬಂದರು. "ಗದ್ದೆಗೆ ಬಿತ್ತ ಕೇಳ್ಕೊಂಡು ಬಂದೋರಿಗೆ ಪಣತ ತೆಗೀಬೋದು. ಇದೂ ಬಿತ್ತಾನೇ ಆತು. ತೆಗೀರಿ. ತಳದ ಹಳೇ ಭತ್ತ ಮಾತ್ರ ಹೊರಗೆ ಹಾಕಬ್ಯಾಡಿ."

ಮುಂದಿನ ಹಲಗೆಗಳನ್ನು ಒಂದೊಂದಾಗಿ ಮೇಲೆತ್ತಿ, ಬುಟ್ಟಿ ಬುಟ್ಟಿ ಭತ್ತ ತೆಗೆದು ಜಗಲಿಯ ಚಾಪೆಯ ಮೇಲೆ ಸುರಿದೆವು. ಸೆರಗು ಸಿಕ್ಕಿಸಿಕೊಂಡು ನಾನೂ ಹೊತ್ತೆ. ಭತ್ತದ ಧೂಳಿಗೆ ಮೈಯೆಲ್ಲ ತುರಿಕೆ. ಮೇಷ್ಟ್ರು ಸೀನುತ್ತಾ ಸೀನುತ್ತಾ ಹೊತ್ತರು. ಬೆಳಗ್ಗೆ ಶುರು ಮಾಡಿದ್ದು ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಣ್ಣ ಮಂಕಾದ ಹಳೆಯ ಭತ್ತ ಕಾಣಿಸಿತು. ಮಂಜಪ್ಪನವರು ಒಳಗಿಳಿದು, ಮೊಣಕೈವರೆಗೆ ತೋಳು ತೂರಿಸಿ, ಸ್ಟೀಲ್ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು. ಡಬ್ಬಿ ಬೆಚ್ಚಗಿತ್ತು.

ಸೊರಬದ ಪೇಟೆಗೆ ಹೋಗಿ ಅವರ ಕಂಪ್ಯೂಟರಿಗೇ ಹಾಕಿದೆವು. ಡ್ರೈವ್ ಗೊರಗುಟ್ಟಿತು, ನಿಂತಿತು, ಮತ್ತೆ ಗೊರಗುಟ್ಟಿತು. ಅ ಬಂತು. ಆ ಬಂತು. ಒತ್ತಕ್ಷರಗಳೂ ಬಂದವು. ಒಂದೇ ಒಂದು ಫೈಲು ಎಷ್ಟು ಮಾಡಿದರೂ ಓದಲಿಲ್ಲ, ಠ. "ಹೋಗ್ಲಿ ಬಿಡಿ, ಅದ್ಯಾರಿಗೆ ಬೇಕು" ಎಂದರು ಮಂಜಪ್ಪನವರು. ಮೇಷ್ಟ್ರು ಗಾಬರಿಯಾಗಿ, "ಪಾಠ ಅಂತ ಬರೀಬೇಕಲ್ರೀ!" ಎಂದರು. ಮೂವರೂ ನಕ್ಕೆವು. ನನಗೆ ನಗುವಿನ ಜೊತೆ ಕಣ್ಣೀರೂ ಬಂತು. ಠ ಒಂದನ್ನು ಅಲ್ಲೇ ಟೈಪಿಂಗ್ ಕಾಗದದ ಮೇಲೆ ಗೆರೆ ಹಾಕಿಕೊಂಡು ಹೊಸದಾಗಿ ಬರೆದೆ. ಇವತ್ತಿಗೂ ಆ ಸೆಟ್ಟಿನಲ್ಲಿ ಠ ಉಳಿದವುಗಳಿಗಿಂತ ಸ್ವಲ್ಪ ದುಂಡಗಿದೆ.

ಪಣತ ಮತ್ತೆ ತುಂಬಲು ಹಳ್ಳಿಗೆ ವಾಪಸ್ ಹೋದಾಗ ಅಮ್ಮ ಬುಟ್ಟಿ ಎತ್ತಲು ಬಿಡಲಿಲ್ಲ. "ಡಬ್ಬಿ ತೆಗೆದ ಜಾಗ ಖಾಲಿ ಬಿಡಬ್ಯಾಡಿ" ಎಂದರು. ಪೂರ್ತಿ ಸೆಟ್ಟಿನ ಹೊಸ ನಕಲನ್ನು, ಠ ಸಮೇತ, ಅದೇ ಡಬ್ಬಿಯಲ್ಲಿ ಹಾಕಿ ಹಳೆಯ ಭತ್ತದಲ್ಲಿ ಹೂತೆವು. ಆಮೇಲೆ ಪ್ರತಿ ಸುಗ್ಗಿಗೂ, ಆಕೆ ಇರುವವರೆಗೂ, ಪಣತ ತುಂಬುವ ಮೊದಲು ಮಗನ ಕೈಯಲ್ಲಿ ನನಗೆ ಫೋನ್ ಮಾಡಿಸುತ್ತಿದ್ದರು, ತಂಗಿ ಅಕ್ಷರ ಕಳ್ಸಿದ್ಲಾ ಎಂದು.

ಯೋಹಾನರಿಗೆ ನಡೆದದ್ದನ್ನೆಲ್ಲ ಬರೆದೆ, ಪಣತದ ಕ್ರಮವನ್ನೂ ಬರೆದೆ. ಅವರು ಕ್ಷಮೆ ಕೇಳಿದರು, ಸೊರಬವನ್ನು ಪಟ್ಟಿಗೆ ಮತ್ತೆ ಸೇರಿಸಿದರು. ಅದಾಗಿ ಎಲ್ಲ ಮಿರರುಗಳಿಗೂ ಒಂದು ಹೊಸ ನಿಯಮ ಬಂತು. ಮೂಲದಲ್ಲಿ ತೆಗೆದದ್ದನ್ನು ಕೂಡಲೇ ಅಳಿಸಬಾರದು, ಪ್ರೋಗ್ರಾಮಿನ ಮುಂದಿನ ಆವೃತ್ತಿ ಬರುವವರೆಗೆ ಬೇರೆ ಫೋಲ್ಡರಿನಲ್ಲಿ ಇಡಬೇಕು, ಜನ ತಪ್ಪಿ ಅಲ್ಲಿಂದ ಒಯ್ಯದಂತೆ ಅದಕ್ಕೆ ಬೀಗ ಹಾಕಿರಬೇಕು, ಎಲ್ಲ ದೇಶದಲ್ಲೂ ಆ ಫೋಲ್ಡರಿನ ಹೆಸರು ಒಂದೇ ಇರಬೇಕು, ಹಳೇದು. ಇಂಗ್ಲಿಷ್ ಲಿಪಿಯಲ್ಲಿ ಬರೆದ ಆ ಕನ್ನಡದ ಹೆಸರನ್ನು ಪಟ್ಟಿಯಲ್ಲಿರುವ ಅಷ್ಟೂ ಊರಿನವರು ತಮ್ಮ ತಮ್ಮ ಯಂತ್ರದಲ್ಲಿ ಟೈಪ್ ಮಾಡಿದರು.

ಆ ಹೊಸ ಪಟ್ಟಿ, ಹೊಸ ನಿಯಮ ಎರಡನ್ನೂ ಅಚ್ಚು ಮಾಡಿ ನಾನೇ ಸೊರಬಕ್ಕೆ ಒಯ್ದೆ. ಮಂಜಪ್ಪನವರು ನಿಧಾನವಾಗಿ ಓದಿದರು. ಅರ್ಧ ಕಿತ್ತುಹೋಗಿದ್ದ ಹಳೆಯ ಪಟ್ಟಿಯನ್ನು ಕೀಳಲಿಲ್ಲ. ಅದು ಇದ್ದ ಹಾಗೇ ಇರಲಿ ಎಂದು ಬಿಟ್ಟು, ಅದರ ಮೇಲೆ ಹೊಸದನ್ನು ಅಂಟಿಸಿ, ಸೊರಬದ ಕೆಳಗೆ ಕೆಂಪು ಗೆರೆ ಎಳೆದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಅಲ್ಲ ಅಕ್ಕೋರೆ, ಅವ್ರ ಮನೇಲೂ ಪಣತ ಐತಾ?"

"ಈಗ ಐತಿ ನೋಡ್ರಿ ಮಂಜಪ್ಪನವ್ರೆ" ಎಂದೆ.